ಎಂಬತ್ತೊಂದು ಮನೆಯ ಸಾಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೌಶಿ ಸೂಜಿಗಳನ್ನು ಇಡುತ್ತಿದ್ದ ತಗಡಿನ ಡಬ್ಬಿ ಹಸಿರು ಬಣ್ಣದ್ದೆಂದು ಅವರು ತೀರಿಕೊಂಡ ವಾರ ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಆಮೇಲೆ ಆ ಡಬ್ಬಿ ನಮ್ಮ ಮನೆಗೇ ಬಂತು. ನೋಡಿದರೆ ಕೆಂಪು. ಎಂಟು ವರ್ಷ ಹೆಚ್ಚುಕಡಿಮೆ ದಿನವೂ ಕಂಡ ಡಬ್ಬಿ ಅದು. ಹಾಗಾಗಿ ಇಲ್ಲಿ ನಾನು ಅವರ ಬಾಯಲ್ಲಿ ಇಟ್ಟಿರುವ ಮಾತುಗಳು ಅವರವೇ ಹೌದಾದರೂ, ಇದೇ ಕ್ರಮದಲ್ಲಿ, ಇದೇ ಸಂದರ್ಭದಲ್ಲಿ ಆಡಿದರೆಂದು ಪ್ರಮಾಣ ಮಾಡಲಾರೆ. ಹಳೆಯ ಡೈರಿಗಳನ್ನು ತೆಗೆದು ನೋಡಿದೆ. ಆ ವರ್ಷಗಳ ಪುಟಗಳ ತುಂಬ ನನ್ನ ಪಿಎಚ್.ಡಿ. ಪ್ರಬಂಧದ ಗೋಳು ಇದೆ. ಮೌಶಿಯ ಬಗ್ಗೆ ಇರುವುದು ಎಲ್ಲ ಸೇರಿ ಹತ್ತು ಸಾಲು.

ಅವರ ಹೆಸರು ಬರೆಯುವುದಿಲ್ಲ. ನಾನು ಎಂದೂ ಆ ಹೆಸರಿನಿಂದ ಅವರನ್ನು ಕರೆದವಳಲ್ಲ. ಧಾರವಾಡದ ಕಡೆಯವರಾದ್ದರಿಂದ ತಾವೇ ಮೊದಲ ದಿನ “ಮೌಶಿ ಅನ್ನು, ಆಂಟಿ ಗೀಂಟಿ ಬ್ಯಾಡ” ಎಂದಿದ್ದರು. ನಕಾಶೆ ತಯಾರಿಸುವ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ. ವರ್ಗವಾಗಿ ಕೋಲ್ಕತ್ತೆಗೆ ಬಂದವರು ನಿವೃತ್ತರಾದ ಮೇಲೂ ಇಲ್ಲೇ ಉಳಿದರು. ಮದುವೆಯಾಗಿರಲಿಲ್ಲ. ಊರಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, “ಇಲ್ಲಿ ಮಂದಿಗೆ ಥಂಡಿ ಬರೋಕಿಂತ ಮೊದಲ ಥಂಡಿ ಆಗ್ತದ ನೋಡವಾ. ದೀಪಾವಳಿ ಆಗೂದ ತಡ, ತೆಲಿಮ್ಯಾಲೆ ಮಂಗ್ಯಾನ ಟೊಪ್ಪಿಗಿ. ಉಲ್ಲನ್ ಕೆಲಸ ಮಾಡೋರಿಗೆ ಇಂಥಾ ಊರು ಮತ್ತೆಲ್ಲಿ ಸಿಗಬೇಕು?” ಎನ್ನುತ್ತಿದ್ದರು.

ಅಪ್ಪ ರೈಲ್ವೆಯಿಂದ ನಿವೃತ್ತರಾಗಿ ನಾವು ಸಿಯಾಲ್ದಾದ ಕ್ವಾರ್ಟರ್ಸ್ ಬಿಟ್ಟು ಗರಿಯಾಹಾಟ್ ಹತ್ತಿರದ ಹಳೆಯ ಮೂರಂತಸ್ತಿನ ಮನೆಗೆ ಬಂದಾಗ, ಕೆಳಗಿನ ಮನೆಯಲ್ಲಿ ಅವರಿದ್ದರು. ನಾವು ಎರಡನೆಯ ಮಹಡಿ. ಅಮ್ಮನಿಗೆ ಮೈಸೂರಿನ ಹುಡುಗಿತನದಿಂದಲೂ ಕ್ರೋಶಾ ಹೆಣೆಯುವ ಹುಚ್ಚು. ಸಾಮಾನು ಇಳಿಸುವ ದಿನವೇ ಮೌಶಿ ಚಹಾ ತಂದುಕೊಟ್ಟು, ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಬಿದ್ದಿದ್ದ ಅಮ್ಮನ ಬಿಳಿ ಶಾಲನ್ನು ಎತ್ತಿ, ಹೇಳದೆ ಕೇಳದೆ ತಿರುಗಿಸಿ ಹಿಂಬದಿ ನೋಡಿದರು. ಇದು ಅವರ ಚಾಳಿ. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತ ಹೆಂಗಸಿನ ಸ್ವೆಟರಿನ ಅಂಚು ಮಡಚಿ ನೋಡಿ ಬೈಸಿಕೊಂಡದ್ದೂ ಉಂಟು.

“ವೈನಿ, ಹೊಲ ಛಲೋ ಹದಾ ಮಾಡೀರಿ. ಬಿತ್ತೋದು ನನಗ ಬಿಡ್ರಿ,” ಎಂದರು ಅಮ್ಮನಿಗೆ.

“ಬಿತ್ತಿ ಅಕ್ಕಾವ್ರೆ. ಆದರೆ ನನ್ನ ಹೊಲ ಅಗೆದುಹಾಕಬೇಡಿ,” ಎಂದಳು ಅಮ್ಮ.

ಅಲ್ಲಿಂದ ಶುರುವಾಯಿತು. ಅಮ್ಮ ಉಲ್ಲನ್ನಿನಲ್ಲಿ ಬಿಗಿಯಾದ ಸಾದಾ ಹೆಣಿಗೆ ಹಾಕಿ ಶಾಲು, ದಿಂಬಿನ ಚೀಲ, ಮಗುವಿನ ಹೊದಿಕೆ ಮಾಡುವುದು. ಮೌಶಿ ಅದರ ಮೇಲೆ ಬಣ್ಣದ ದಾರದಿಂದ ಕಸೂತಿ ಹಾಕುವುದು. ಸಾದಾ ಕ್ರೋಶಾ ಹೆಣಿಗೆಯನ್ನು ಹತ್ತಿರದಿಂದ ನೋಡಿದರೆ ಸಾಲುಸಾಲಾಗಿ ಪುಟ್ಟ ಪುಟ್ಟ ಚೌಕಗಳಿರುತ್ತವೆ. ಅಮ್ಮ ಅವನ್ನು ‘ಮನೆ’ ಎನ್ನುತ್ತಿದ್ದಳು. ಒಂದೊಂದು ಮನೆಯ ಮೇಲೂ ಒಂದೊಂದು ಗುಣಿಸು ಗುರುತಿನ ಹೊಲಿಗೆ, ಅಂದರೆ ಎರಡು ಎಳೆ ಒಂದರ ಮೇಲೊಂದು ಓರೆಯಾಗಿ ಹಾಯುವ ಹೊಲಿಗೆ. ಧಾರವಾಡದ ಕಸೂತಿಯಲ್ಲಿ ಅದಕ್ಕೆ ಮೆಂತಿ ಎನ್ನುತ್ತಾರೆ. ಮೌಶಿಯೂ ಹಾಗೇ ಎನ್ನುತ್ತಿದ್ದರು. ಮೊಂಡು ಮೂತಿಯ ಸೂಜಿ, ಗಂಟಿಲ್ಲದ ದಾರ. ನಾನೊಮ್ಮೆ ಪ್ರಯತ್ನಿಸಿ ದಾರವನ್ನು ಎಳೆದು ಬಿಗಿ ಮಾಡಿದಾಗ ಹೆಣಿಗೆ ಸುಕ್ಕಾಗಿ ಮುದುಡಿತು. “ಜಗ್ಗಬ್ಯಾಡ. ಕೂಡಸು,” ಎಂದರು. ಮಗುವನ್ನು ಕೂಡಿಸುವ ಹಾಗೆ ಎಳೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ತೋರಿಸಿದರು. ನನಗೆ ಕೊನೆಯವರೆಗೂ ಅದು ಬರಲಿಲ್ಲ.

ಅವರ ಮೊದಲ ಕೆಲಸ ಕೆಟ್ಟಿತ್ತು. ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಬಟ್ಟೆಯ ಮೇಲೆ ಹಾಕಲು ಬರೆದಿಟ್ಟುಕೊಂಡಿದ್ದ ನವಿಲನ್ನು ಲೆಕ್ಕ ತಪ್ಪದೆ ಅಮ್ಮನ ದಿಂಬಿನ ಚೀಲಕ್ಕೆ ಇಳಿಸಿದರು. ಮನೆಯ ಒಡತಿ, ನಾವೆಲ್ಲ ಬೌದಿ ಅಂದರೆ ಅತ್ತಿಗೆ ಎಂದು ಕರೆಯುತ್ತಿದ್ದವರು, ಬಂದು ನೋಡಿ, “ಬಾಹ್, ಕೀ ಶುಂದೊರ್ ಹಾಂಶ್!” ಎಂದರು. ಎಷ್ಟು ಚೆಂದದ ಬಾತುಕೋಳಿ!

ಬೌದಿ ಹೋದ ಮೇಲೆ ಮೌಶಿ ಸ್ಕೇಲು ತಂದು ಹೆಣಿಗೆಯ ಮೇಲಿಟ್ಟು ಅಳೆದರು. “ಆಕೀದೇನ ತಪ್ಪಿಲ್ಲ. ವೈನಿ, ನಿಮ್ಮ ಮನಿ ಅಗಲ ಜಾಸ್ತಿ, ಎತ್ತರ ಕಮ್ಮಿ. ನವಲು ಕುತಿಗಿ ಎತ್ತೂದು ಹೆಂಗ?”

“ನಮ್ಮ ಮನೆಯವರೂ ಹಾಗೇ ಅಲ್ಲವಾ,” ಎಂದಳು ಅಮ್ಮ.

“ಕೇಳಿಸ್ತು,” ಎಂದರು ಅಪ್ಪ ಪೇಪರಿನ ಹಿಂದಿನಿಂದ.

ಮರುದಿನ ಮೌಶಿ ತಮ್ಮದೇ ಗ್ರಾಫ್ ಹಾಳೆ ತಯಾರಿಸಿದರು. ಅಂಗಡಿಯ ಗ್ರಾಫಿನ ಚೌಕಗಳು ನಾಲ್ಕೂ ಕಡೆ ಸಮ. ಅಮ್ಮನ ಹೆಣಿಗೆಯ ಮನೆಗಳು ಅಗಲ. ಹಾಗಾಗಿ ಅಮ್ಮನ ಕೈಯ ಬಿಗಿಗೆ ತಕ್ಕಂತೆ, ಅಷ್ಟೇ ಅಗಲ ಅಷ್ಟೇ ಗಿಡ್ಡನೆಯ ಮನೆಗಳನ್ನು ಸಪೂರ ಪೆನ್ಸಿಲಿನಲ್ಲಿ ಗೆರೆ ಎಳೆದು, ಒಂದು ನೋಟ್‌ಬುಕ್ಕಿನ ತುಂಬ ಮಾಡಿಟ್ಟುಕೊಂಡರು. ಬೇರೆ ಯಾರ ಹೆಣಿಗೆಗೂ ಆ ನೋಟ್‌ಬುಕ್ಕು ಹೊಂದುತ್ತಿರಲಿಲ್ಲ. ಬೇರೆ ಯಾರ ಹೆಣಿಗೆಯ ಮೇಲೂ ಅವರು ಕಸೂತಿ ಹಾಕಲೂ ಇಲ್ಲ. ಇದು ನನಗೆ ಆಗ ತಮಾಷೆಯ ವಿಷಯವಾಗಿತ್ತು.

ಬೌದಿಯ ಮೊಮ್ಮಗನ ಅನ್ನಪ್ರಾಶನಕ್ಕೆ ಹೊದಿಕೆ ಮಾಡಿದಾಗ, ಅಂಚಿಗೆ ಇಲಿಶ್ ಮೀನು ಬೇಕೆಂದು ಬೌದಿ ಕೇಳಿದರು. ಮೌಶಿ ಮೊಟ್ಟೆಯನ್ನೂ ಮುಟ್ಟದವರು. ಮೂಗಿಗೆ ಸೆರಗು ಒತ್ತಿಕೊಂಡು ಮೀನಿನ ಮಾರುಕಟ್ಟೆಗೆ ಹೋಗಿ, ಮೀನಿನವನ ಎದುರು ಕಾಲು ಗಂಟೆ ನಿಂತು ಹೊಟ್ಟೆಯ ಬಾಗು ನೋಡಿಕೊಂಡು ಬಂದರು. ಏನೂ ಕೊಳ್ಳದೆ ನಿಂತವರನ್ನು ಮೀನಿನವನು ಏನು ಬೇಕೆಂದು ಕೇಳಿದ್ದಕ್ಕೆ, ಧಾರವಾಡದ ಗಡಸು ದನಿಯ ಬಂಗಾಳಿಯಲ್ಲಿ, ನಿನ್ನ ಮೀನು ತುಸು ಎಡಕ್ಕೆ ತಿರುಗಿಸು ಎಂದರಂತೆ. ಅವನು ತಿರುಗಿಸಿದನಂತೆ. ಅವರು ಹೇಳಿದರೆ ಯಾರಾದರೂ ತಿರುಗಿಸುತ್ತಿದ್ದರು.

ಅವರದೊಂದು ನೇಮವಿತ್ತು. ಅಮ್ಮನ ಹೆಣಿಗೆಯಲ್ಲಿ ಏನೇ ಹೆಚ್ಚುಕಮ್ಮಿ ಕಂಡರೂ ಬಿಚ್ಚಿಸುತ್ತಿರಲಿಲ್ಲ. ಅಮ್ಮ ತಾನಾಗಿ, “ಕೊಡಿ ಅಕ್ಕಾವ್ರೆ, ನಾಲ್ಕು ಸಾಲು ಬಿಚ್ಚಿ ಮತ್ತೆ ಹಾಕ್ತೀನಿ,” ಎಂದರೂ ಬಿಡುತ್ತಿರಲಿಲ್ಲ. “ನದಿ ಸೊಟ್ಟ ಹರದದ ಅಂತ ನದೀನ ಬಿಚ್ಚತೀರೇನು? ಮೂವತ್ತೊಂದು ವರ್ಷ ಸರ್ಕಾರ ನನಗ ಪಗಾರ ಕೊಟ್ಟಿದ್ದು ಇದ್ದದ್ದನ್ನ ಇದ್ದಾಂಗ ಬರಿ ಅಂತ.” ನನ್ನ ಪ್ರಬಂಧವೂ ಅಂಥದ್ದೇ ಕೆಲಸ ಎಂದು ಅವರ ಅಭಿಪ್ರಾಯ. ಸಿಯಾಲ್ದಾ ಸುತ್ತ ಬಂದು ನೆಲೆಸಿದ ಕುಟುಂಬಗಳ ಹಿರಿಯರನ್ನು ಕೂರಿಸಿ, ಅವರ ನೆನಪುಗಳನ್ನು ಧ್ವನಿಮುದ್ರಿಸಿ ಬರೆಯುವುದು ನನ್ನ ವಿಷಯ. ಕಾಲೇಜಿನ ಪಾಠ ಮುಗಿಸಿ, ಯಾರದೋ ಮನೆಗೆ ಹೋಗಿ, ಸಂಜೆ ಏಳಕ್ಕೆ ಮೆಟ್ಟಿಲು ಹತ್ತುವಾಗ ಕೆಳಗಿನ ಬಾಗಿಲು ತೆರೆದೇ ಇರುತ್ತಿತ್ತು. “ನಿನ್ನ ಪ್ರಬಂಧ ಎಲ್ಲೀ ತನಕ ಬಂತವಾ?” ದಿನವೂ ಅದೇ ಪ್ರಶ್ನೆ. ಕೆಲವು ದಿನ ಆ ಪ್ರಶ್ನೆಗೆ ಹೆದರಿ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದ್ದೇನೆ.

ಪ್ರಬಂಧ ಮುಗಿದ ವರ್ಷವೇ ಅಮ್ಮ ಕಳೆದುಹೋದಳು. ಗರಿಯಾಹಾಟ್‌ಗೆ ದಾರ ತರಲು ಹೋದವಳು ಸಂಜೆಯಾದರೂ ಬರಲಿಲ್ಲ. ಸಿಯಾಲ್ದಾದ ನಮ್ಮ ಹಳೆಯ ಕ್ವಾರ್ಟರ್ಸಿನಲ್ಲಿ ಈಗಿರುವವರು ಅಪ್ಪನ ಕಚೇರಿಯ ಮೂಲಕ ನಂಬರ್ ಪತ್ತೆ ಮಾಡಿ ಫೋನ್ ಮಾಡಿದರು. ಅಮ್ಮ ಅವರ ಬಾಗಿಲಿನ ಮುಂದೆ ನಿಂತು, ಬೀಗ ಯಾಕೆ ಬದಲಾಯಿಸಿದ್ದೀರಿ ಎಂದು ಕೇಳುತ್ತಿದ್ದಳಂತೆ.

ಡಾಕ್ಟರು ಚಿತ್ರಗಳನ್ನೂ ಅಂಕಿಗಳನ್ನೂ ತೋರಿಸಿ ಅಮ್ಮನನ್ನು ಪರೀಕ್ಷೆ ಮಾಡಿ, ಕೊನೆಗೆ ನಮ್ಮ ಕಡೆ ತಿರುಗಿ, “ಮರೆವು ಯಾವಾಗ ಶುರುವಾಯಿತು?” ಎಂದು ಕೇಳಿದರು.

“ಆರು ತಿಂಗಳಿರಬಹುದು,” ಎಂದೆ ನಾನು, ಖಚಿತವಾಗಿ. ಪಕ್ಕದಲ್ಲಿ ಅಪ್ಪ ಕೂತಿದ್ದರು. ಡಾಕ್ಟರು ಆರು ತಿಂಗಳು ಎಂದು ಬರೆದುಕೊಂಡರು. ತುಸು ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರು. ಹಾಗೆ ಎಲ್ಲರಿಗೂ ಹೇಳುತ್ತಾರೋ, ನಮಗೆ ಮಾತ್ರವೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ಮೌಶಿಗೆ ಹೇಳಿದಾಗ ಅವರು ಅಯ್ಯೋ ಅನ್ನಲಿಲ್ಲ. ಸೂಜಿಯನ್ನು ಡಬ್ಬಿಯೊಳಗಿಟ್ಟು, “ಹೆಣಿಗಿ ಹಾಕಬಹುದಂತೇನು? ಡಾಕ್ಟರ್ನ ಅದನ್ನ ಕೇಳಿದ್ಯಾ?” ಎಂದರು.

ನಾನು ಕೇಳಿರಲಿಲ್ಲ. ಅವರಿಗೆ ಆಶ್ಚರ್ಯವಾಗಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಎಷ್ಟೋ ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ ಎಂದು ಡೈರಿ ಹೇಳುತ್ತದೆ. ಆ ಹತ್ತು ಸಾಲುಗಳಲ್ಲಿ ಅದೂ ಒಂದು.

ಆಮೇಲೆ ಒಂದೂವರೆ ವರ್ಷ, ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಮೆಟ್ಟಿಲು ಹತ್ತಿ ಬಂದು ಅಮ್ಮನ ಪಕ್ಕ ಕೂರುತ್ತಿದ್ದರು. ಮೊಣಕಾಲು ನೋವಿತ್ತು. ಕಟಕಟೆ ಹಿಡಿದು ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ, ಬೈಗುಳವೆಲ್ಲ ಬೌದಿಯ ಮಾವ ಕಟ್ಟಿಸಿದ ಮೆಟ್ಟಿಲಿಗೆ. ಕೂತ ಮೇಲೆ ಇಬ್ಬರೂ ಜೋರಾಗಿ ಎಣಿಸುತ್ತಿದ್ದರು. ಒಂದು, ಎರಡು, ಮೂರು. ಅಮ್ಮ ಎಲ್ಲಾದರೂ ನಿಂತರೆ ಮೌಶಿ ಮುಂದಿನ ಅಂಕಿ ಹೇಳುತ್ತಿರಲಿಲ್ಲ. ತಾವೂ ನಿಲ್ಲುತ್ತಿದ್ದರು. ಅಮ್ಮನಿಗೆ ಹೊಳೆದಾಗ ಇಬ್ಬರೂ ಮುಂದುವರಿಯುತ್ತಿದ್ದರು.

“ಅಕ್ಕಾವ್ರೆ, ನಿಮಗೂ ಮರೆತೋಯ್ತಾ?”

“ಹೂಂನ್ರಿ ವೈನಿ. ವಯಸ್ಸಾತು.”

ಕಳೆದ ಶ್ರಾವಣದಲ್ಲಿ ಮೌಶಿಗೆ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ಇದ್ದರು. ಹುಬ್ಬಳ್ಳಿಯಿಂದ ಅವರ ಅಣ್ಣನ ಮಗ ಬಂದರು. ಮನೆ ಖಾಲಿ ಮಾಡುವಾಗ ಮೇಲೆ ಬಂದು, “ಅತ್ತಿ ಈ ಡಬ್ಬಿ ಮ್ಯಾಲೆ ನಿಮ್ಮ ತಾಯಾರ ಹೆಸರು ಬರದ ಇಟ್ಟಾರ್ರೀ. ಜೋಡಿ ಈ ನೋಟ್‌ಬುಕ್ಕೂ ಕಟ್ಟ್ಯಾರ,” ಎಂದು ಕೊಟ್ಟುಹೋದರು.

ಅದು ಅಮ್ಮನ ಹೆಣಿಗೆಯ ಅಳತೆಗೆ ಗೆರೆ ಎಳೆದ ನೋಟ್‌ಬುಕ್ಕೇ. ಮೊದಲ ಪುಟಗಳಲ್ಲಿ ಗೋಪುರ, ರಥ, ಇಲಿಶ್ ಮೀನು. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಾಲುಗಳ ಲೆಕ್ಕ. ಅಮ್ಮ ಶಾಲಿಗೆ ಯಾವಾಗಲೂ ಎಂಬತ್ತೊಂದು ಮನೆ ಹಾಕುತ್ತಿದ್ದಳು. ಬೆಸ ಸಂಖ್ಯೆಯಾದರೆ ನಡುಮಧ್ಯದ ಮನೆ ಸಿಗುತ್ತದೆ, ಚಿತ್ರ ಆಚೀಚೆ ಸಮನಾಗಿ ಕೂರುತ್ತದೆ. ಹಾಗಾಗಿ ಎಂಬತ್ತೊಂದು, ಎಂಬತ್ತೊಂದು, ಎಂಬತ್ತೊಂದು, ಪುಟದ ಕೆಳಗಿನವರೆಗೂ. ಮೌಶಿ ಪ್ರತಿ ಶಾಲಿನ ಪ್ರತಿ ಸಾಲನ್ನೂ ಎಣಿಸಿಯೇ ಸೂಜಿ ಹಿಡಿಯುತ್ತಿದ್ದರೆಂದು ಆಗ ಗೊತ್ತಾಯಿತು. ಬೌದಿಗೆ ಮಾಡಿದ ಕಂದು ಶಾಲಿನ ಪುಟದಲ್ಲಿ ಒಂದು ಕಡೆ ಎಂಬತ್ತು ಎಂದಿದೆ. ಮುಂದಿನ ಸಾಲೂ ಎಂಬತ್ತು. ಹೆಣಿಗೆ ತಿರುಗಿಸುವಾಗ ಕೊನೆಯ ಮನೆ ಬಿಟ್ಟುಹೋದರೆ ಹಾಗಾಗುತ್ತದೆ, ಯಾರಿಗಾದರೂ ಆಗುವಂಥದ್ದೇ. ಅದರ ಮುಂದಿನ ಶಾಲಿನಲ್ಲಿ ಎಂಬತ್ತು, ಎಪ್ಪತ್ತೊಂಬತ್ತು, ಎಂಬತ್ತೆರಡು. ಅದರ ಮುಂದಿನದರಲ್ಲಿ ಎಂಬತ್ತೊಂದು ಎಂಬುದೇ ಅಪರೂಪ. ಬೌದಿಯ ಕಂದು ಶಾಲು ನನ್ನ ಪ್ರಬಂಧ ಮುಗಿಯುವ ಮೂರು ಚಳಿಗಾಲಗಳ ಹಿಂದಿನದು. ಇದನ್ನು ನಾನು ನೆನಪಿನಿಂದ ಹೇಳುತ್ತಿಲ್ಲ, ಬೌದಿಯನ್ನು ಕೇಳಿ ಖಚಿತಪಡಿಸಿಕೊಂಡೆ. ಡಾಕ್ಟರಿಗೆ ನಾನು ಹೇಳಿದ್ದು ಆರು ತಿಂಗಳು.

ಅಂಕಿಗಳ ಎದುರಿನ ಪುಟದಲ್ಲಿ ಕಸೂತಿಯ ಚಿತ್ರ. ಮನೆ ಕಮ್ಮಿಯಾದ ಸಾಲಿನಲ್ಲಿ ಗೋಪುರದ ಪಕ್ಕಕ್ಕೊಂದು ತುಳಸಿ ಕಟ್ಟೆ ಬಂದಿದೆ. ಅಂಚು ಒಳಕ್ಕೆ ಸರಿದ ಕಡೆ ಬಳ್ಳಿಯೊಂದು ಬಾಗಿ ಒಳಕ್ಕೆ ಬಂದಿದೆ, ಅದು ಮೊದಲಿನಿಂದಲೂ ಹಾಗೇ ಬಾಗಬೇಕಿತ್ತು ಎನ್ನುವ ಹಾಗೆ. ಎಲ್ಲರೂ ಆ ವರ್ಷಗಳ ಶಾಲುಗಳೇ ಹೆಚ್ಚು ಚೆಂದ ಎನ್ನುತ್ತಿದ್ದರು. ಅಮ್ಮನೂ ಹೌದೆನ್ನುತ್ತಿದ್ದಳು. ಆಮೇಲಿನ ಪುಟಗಳಲ್ಲಿ ಶಾಲುಗಳೇ ಇಲ್ಲ. ಹನ್ನೊಂದು ಮನೆ ಅಗಲದ ಚಿಕ್ಕ ಚಿಕ್ಕ ತುಂಡುಗಳು. “ಈಗ ಎಲ್ಲಾ ತುಂಡು ಕೂಡಿಸಿದ್ದೇ ಫ್ಯಾಶನ್ನಂತೆ, ಅಕ್ಕಾವ್ರು ಹೇಳಿದ್ರು,” ಎಂದು ಅಮ್ಮ ಕಳೆದುಹೋಗುವ ಮುಂಚಿನ ಚಳಿಗಾಲ ತುಂಡುಗಳನ್ನೇ ಹೆಣೆದಿದ್ದು ನನಗೆ ನೆನಪಿದೆ. ಹನ್ನೊಂದರಲ್ಲಿ ತಪ್ಪಿದರೆ ತಪ್ಪು ದೂರ ಹೋಗುವುದಿಲ್ಲ. ತುಂಡು ಮುಗಿದರೆ ಮತ್ತೆ ಒಂದರಿಂದ ಶುರು.

ಮೊದಲು ಬಂದದ್ದು ಕೋಪ. ಮೂರು ಚಳಿಗಾಲ ಈ ಹೆಂಗಸು ನನ್ನ ಅಮ್ಮನ ಮರೆವನ್ನು ಸಾಲುಸಾಲಾಗಿ ಎಣಿಸಿ ಬರೆದಿಟ್ಟುಕೊಂಡು, ಅದರ ಮೇಲೆ ಬಳ್ಳಿ ಬಿಡಿಸಿ ಮುಚ್ಚಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವವರಂತೆ! ನನಗೆ ಒಂದು ಮಾತು ಹೇಳಿದ್ದರೆ ಆ ಚಳಿಗಾಲವೇ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ಒಳ್ಳೆಯದಿತ್ತು ಎಂದು ಅವರು ಹೇಳಿದ ಆ ‘ಬೇಗ’ ನಮ್ಮ ಕೈಯಲ್ಲೇ ಇತ್ತು, ಕೆಳಗಿನ ಮನೆಯ ನೋಟ್‌ಬುಕ್ಕಿನಲ್ಲಿ.

ಆದರೆ ಹೇಳಲಿಲ್ಲವೇ? ಈಗ ಯೋಚಿಸಿದರೆ, ಒಂದು ಬೆಳಿಗ್ಗೆ ನಾನು ಹೆಗಲಿಗೆ ಬ್ಯಾಗು ಹಾಕಿ ಆಟೋ ಹಿಡಿಯಲು ಓಡುತ್ತಿದ್ದಾಗ ಅವರು ಗೇಟಿನವರೆಗೆ ಬಂದಿದ್ದರು.

“ವೈನಿ ಕಣ್ಣು ಒಮ್ಮೆ ತೋರಸವಾ.”

“ಯಾಕೆ ಮೌಶಿ, ಏನಾಗಿದೆ?”

“ಮನಿ ಬಿಟ್ಟು ಬಿಟ್ಟು ಹಾಕಲಿಕ್ಕತ್ತಾರ. ಹಿಂಗ ಮೊದಲ ಎಂದೂ ಇರಲಿಲ್ಲ. ನೀನು ಒಂದು ದಿನ ಬಿಡುವು ಮಾಡಿಕೊಂಡು ಕೂತು ನೋಡು, ನಿನಗ ತಿಳೀತದ.”

ಕಣ್ಣು ತೋರಿಸಿದೆ. ಹೊಸ ಕನ್ನಡಕ ಬಂತು. ಒಂದು ದಿನ ಬಿಡುವು ಮಾಡಿಕೊಂಡು ಕೂತು ನೋಡಲಿಲ್ಲ. ಈ ಮಾತುಕತೆ ಹೀಗೇ ನಡೆಯಿತೇ, ಅಥವಾ ನೋಟ್‌ಬುಕ್ಕು ನೋಡಿದ ಮೇಲೆ ನಾನೇ ಅವರ ಬಾಯಿಗೆ ಕೊನೆಯ ಸಾಲು ಸೇರಿಸಿದೆನೇ ಎಂಬುದು ನನಗೆ ನಿಜವಾಗಿ ಗೊತ್ತಿಲ್ಲ. ಸೇರಿಸಿದ್ದರೆ ಯಾರನ್ನು ಕಾಪಾಡಲು ಸೇರಿಸಿದೆ? ಅವರನ್ನಂತೂ ಹೌದು. ನನ್ನನ್ನಲ್ಲ. ಅವರು ಹೇಳಿದ್ದರು ಎಂದಾದರೆ ತಪ್ಪು ಪೂರ್ತಿ ನನ್ನದಾಗುತ್ತದೆ. ಆದರೂ ಅವರು ಹೇಳಿದ್ದರೆಂದು ನಂಬುವುದೇ ನನಗೆ ಹಗುರವೆನಿಸುತ್ತದೆ. ಮನಸ್ಸಿನ ಈ ಆಟ ನನಗೆ ಅರ್ಥವಾಗಿಲ್ಲ.

ಎರಡನೆಯ ಸಲ ನೋಡಿದಾಗ ಬೇರೆಯದು ಕಂಡಿತು. ಹನ್ನೊಂದರ ತುಂಡುಗಳು ಶುರುವಾಗುವ ಮುಂಚಿನ ಪುಟಗಳಲ್ಲಿ ಕೆಲವು ಅಂಕಿಗಳು ಪೆನ್ಸಿಲಿನವಲ್ಲ, ನೀಲಿ ಪೆನ್ನಿನವು. ಎಪ್ಪತ್ತರ ಏಳಕ್ಕೆ ನಡುವೆ ಒಂದು ಅಡ್ಡಗೀಟು. ರೈಲ್ವೆಯ ಕಾಗದಗಳಲ್ಲಿ ಒಂದು ಯಾವುದು ಏಳು ಯಾವುದು ಎಂದು ಗೊಂದಲವಾಗದಿರಲೆಂದು ಅಪ್ಪ ಮೊದಲಿನಿಂದಲೂ ಏಳನ್ನು ಹಾಗೆ ಬರೆಯುತ್ತಾರೆ. ನಮ್ಮ ಹಾಲಿನ ಚೀಟಿಯಲ್ಲೂ ಹಾಗೇ. ಹೆಣೆದದ್ದನ್ನು ಕೆಳಗೆ ಕೊಟ್ಟು, ಕಸೂತಿ ಆದದ್ದನ್ನು ಮೇಲೆ ತರುತ್ತಿದ್ದವರು ಅಪ್ಪನೇ. ಮೌಶಿ ಅವರನ್ನು ‘ಡಾಕ್ ಬಾಬು’, ಅಂದರೆ ಅಂಚೆಯವ, ಎಂದು ಛೇಡಿಸುತ್ತಿದ್ದರು. ಕೆಳಗೆ ಹೋದವರು ಕೆಲವೊಮ್ಮೆ ಒಂದು ಗಂಟೆ ಬರುತ್ತಿರಲಿಲ್ಲ. ಕ್ರಿಕೆಟ್ ಕೇಳುತ್ತಿದ್ದಾರೆಂದು ನಾವು ಅಂದುಕೊಳ್ಳುತ್ತಿದ್ದೆವು. ಇಬ್ಬರೂ ಎದುರುಬದುರು ಕೂತು, ಒಂದೊಂದು ಸಾಲನ್ನೂ ಬೆರಳಿನಿಂದ ಸರಿಸುತ್ತ ಎಣಿಸುತ್ತಿದ್ದರು ಎಂದು ಈಗ ಊಹಿಸುತ್ತೇನೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ತಾಳೆ ನೋಡುತ್ತಿದ್ದರೇನೋ. ಲೆಕ್ಕ ತಪ್ಪಿರಲಿ, ತಾವೇ ತಪ್ಪಾಗಿ ಎಣಿಸಿರಲಿ ಎಂದು ಇಬ್ಬರೂ ಹಾರೈಸಿರಬೇಕು. ಕೆಲವು ಪುಟಗಳಲ್ಲಿ ಒಂದೇ ಸಾಲಿಗೆ ಪೆನ್ಸಿಲಿನ ಅಂಕಿ ಒಂದು, ನೀಲಿಯ ಅಂಕಿ ಒಂದು ಇದೆ. ಎರಡೂ ಒಂದೇ ಇವೆ.

ನೋಟ್‌ಬುಕ್ಕನ್ನು ಅಮ್ಮನಿಗೂ ತೋರಿಸಿದೆ. ಅಂಕಿಗಳ ಮೇಲೆ ಕಣ್ಣು ಹಾಯಲಿಲ್ಲ. ಬಳ್ಳಿಯ ಚಿತ್ರದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, “ಎಷ್ಟು ಚೆನ್ನಾಗಿ ಕೂತಿದೆ,” ಎಂದಳು.

ಸಂಕ್ರಾಂತಿಯ ಮಾರನೆಯ ದಿನ, ಅಮ್ಮ ಮಲಗಿದ್ದಾಗ, ಅಪ್ಪ ಊಟದ ಮೇಜಿನ ಮೇಲೆ ಪೇಪರು ಹರಡಿಕೊಂಡು ಬಟಾಣಿ ಸುಲಿಯುತ್ತಿದ್ದರು. ನಾನು ನೀಲಿ ಅಂಕಿಗಳ ಪುಟ ತೆರೆದು ಅವರ ಎದುರಿಗಿಟ್ಟು ಕೇಳಿದೆ. ಅವರು ಪುಟ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳದೆ ಪಕ್ಕಕ್ಕಿಟ್ಟು ಬಟಾಣಿ ಸುಲಿಯುವುದನ್ನು ಮುಂದುವರಿಸಿದರು. ಈಗ ಫಾಲ್ಗುಣ. ಆಮೇಲೆ ನಾವು ಎಷ್ಟೋ ಮಾತಾಡಿದ್ದೇವೆ, ಜಗಳವನ್ನೂ ಆಡಿದ್ದೇವೆ. ಆ ಪ್ರಶ್ನೆಯನ್ನು ನಾನು ಎರಡನೆಯ ಸಲ ಕೇಳಿಲ್ಲ, ಅವರು ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಅಪ್ಪಾ, ನನಗೆ ಹೇಳೋದು ಬೇಡ ಅಂತ ಯಾರು ಯಾರಿಗೆ ಹೇಳಿದ್ದು? ನೀವು ಮೌಶಿಗಾ, ಮೌಶಿ ನಿಮಗಾ, ಇಲ್ಲಾ ಗೊತ್ತಿದ್ದೂ ಗೊತ್ತಿದ್ದೂ ಅಮ್ಮನೇ ನಿಮ್ಮಿಬ್ಬರಿಗೂ ಹೇಳಿದಳಾ?”